ಟೈಮ್‌ಡ್ ಔಟ್, ರಿಫ್ಯೂಸ್ಡ್, 502: ಕ್ಲೌಡ್‌ನಲ್ಲಿ ಆ್ಯಪ್ ಹೋಸ್ಟ್ ಮಾಡಿದ ಅನುಭವ

ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಫ್ಲಾಸ್ಕ್‌ನಲ್ಲಿ ಒಂದು ಚಿಕ್ಕ ಆ್ಯಪ್ ಬರೆದಿದ್ದೆ. ಫೋಟೊ ಹಾಕಿದರೆ ಆಲ್ಬಮ್ ಮಾಡಿಕೊಡುತ್ತದೆ, ಅಷ್ಟೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು. ಅದನ್ನು ಕ್ಲೌಡ್‌ಗೆ ಹಾಕೋಣ ಎಂದು 1 ಜಿಬಿ ರ್‍ಯಾಮ್ ಇರುವ ಉಬುಂಟು ಸರ್ವರ್ ಒಂದನ್ನು ತೆಗೆದುಕೊಂಡೆ.

ಎಸ್‌ಎಸ್‌ಎಚ್‌ನಲ್ಲಿ (ದೂರದಿಂದಲೇ ಸರ್ವರ್ ಒಳಗೆ ಹೋಗುವ ದಾರಿ) ಲಾಗಿನ್ ಆಗಿ, ಬ್ರೌಸರ್‌ಗಳ ವಿನಂತಿಗಳನ್ನು ಮೊದಲು ಪಡೆಯುವ ವೆಬ್ ಸರ್ವರ್ ಎಂಜಿನ್‌ಎಕ್ಸ್ (nginx) ಇನ್‌ಸ್ಟಾಲ್ ಮಾಡಿದೆ. ಬ್ರೌಸರ್‌ನಲ್ಲಿ ಐಪಿ ವಿಳಾಸ ಹಾಕಿದರೆ ಪುಟ ಸುಮ್ನೆ ಸುತ್ತುತ್ತಲೇ ಇತ್ತು. ಕೊನೆಗೆ ‘ಕನೆಕ್ಷನ್ ಟೈಮ್‌ಡ್ ಔಟ್’ ಎಂದು ಬಂತು. ಒಂದು ಗಂಟೆ ಎಂಜಿನ್‌ಎಕ್ಸ್ ಫೈಲನ್ನೇ ತಿದ್ದುತ್ತ ಕೂತೆ. ತಪ್ಪು ಅಲ್ಲಿರಲೇ ಇಲ್ಲ.

ಟೈಮ್‌ಡ್ ಔಟ್ ಬೇರೆ, ರಿಫ್ಯೂಸ್ಡ್ ಬೇರೆ. ‘ರಿಫ್ಯೂಸ್ಡ್’ ಎಂದರೆ ಸಾಮಾನ್ಯವಾಗಿ ನಮ್ಮ ವಿನಂತಿ ಆ ಯಂತ್ರದವರೆಗೂ ಹೋಗಿದೆ, ಆದರೆ ಆ ಪೋರ್ಟ್‌ನಲ್ಲಿ (ಯಂತ್ರಕ್ಕಿರುವ ಸಂಖ್ಯೆ ಹಾಕಿದ ಬಾಗಿಲು) ವಿನಂತಿಗಾಗಿ ಯಾವ ಪ್ರೋಗ್ರಾಮೂ ಕಾಯುತ್ತಿಲ್ಲ ಅಂತ. ‘ಟೈಮ್‌ಡ್ ಔಟ್’ ಬಂದರೆ ಉತ್ತರವೇ ಬಂದಿಲ್ಲ. ಹೆಚ್ಚಿನ ಸಲ ದಾರಿಯಲ್ಲಿ ಯಾವುದೋ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ಬಿಸಾಡಿರುತ್ತದೆ. ನನ್ನ ಸರ್ವರ್ ಒಳಗಿನ ಫೈರ್‌ವಾಲ್ ಸರಿಯಾಗಿಯೇ ಇತ್ತು. ಆದರೆ ಕ್ಲೌಡ್‌ನವರ ಫೈರ್‌ವಾಲ್ ಯಂತ್ರದ ಹೊರಗಡೆ ಬೇರೆಯೇ ಇರುತ್ತದೆ. ಅದರಲ್ಲಿ ಎಸ್‌ಎಸ್‌ಎಚ್‌ನ 22 ಪೋರ್ಟ್ ಮಾತ್ರ ತೆರೆದಿತ್ತು. ವೆಬ್‌ಗೆ ಬೇಕಾದ 80 (ಎಚ್‌ಟಿಟಿಪಿ) ಮತ್ತು 443 (ಎಚ್‌ಟಿಟಿಪಿಎಸ್) ತೆರೆದೆ, ಎಂಜಿನ್‌ಎಕ್ಸ್‌ನ ಸ್ವಾಗತ ಪುಟ ಕೂಡಲೇ ಬಂತು.

ಆಮೇಲೆ ಆ್ಯಪ್. ಅದನ್ನು ಪೈಥಾನ್ ಆ್ಯಪ್‌ಗಳನ್ನು ಓಡಿಸುವ ಗುನಿಕಾರ್ನ್ ಮೂಲಕ 127.0.0.1ರ (ಯಂತ್ರ ತನ್ನನ್ನೇ ಕರೆಯುವ ವಿಳಾಸ) 8000 ಪೋರ್ಟ್‌ನಲ್ಲಿ ಓಡಿಸಿದೆ. ಈ ವಿಳಾಸ ಕೊಟ್ಟರೆ ಹೊರಗಿನವರು ನೇರವಾಗಿ ಆ್ಯಪ್ ಮುಟ್ಟಲು ಆಗುವುದಿಲ್ಲ, ಎಂಜಿನ್‌ಎಕ್ಸ್ ಮೂಲಕವೇ ಬರಬೇಕು. ಹಾಗಾದರೆ ಗುನಿಕಾರ್ನನ್ನೇ ನೇರವಾಗಿ ಹೊರಗೆ ಬಿಡಬಹುದಲ್ವಾ ಎಂದು ನನಗೂ ಅನಿಸಿತ್ತು. ನನ್ನ ಗುನಿಕಾರ್ನ್‌ನಲ್ಲಿ ಇದ್ದದ್ದು ಮೂರೇ ವರ್ಕರ್, ಒಂದೊಂದೂ ಒಂದು ಸಲಕ್ಕೆ ಒಂದೇ ವಿನಂತಿ ನೋಡುತ್ತದೆ. ನಿಧಾನದ ನೆಟ್‌ವರ್ಕ್‌ನಿಂದ ಮೂವರು ಫೋಟೊ ಕಳಿಸುತ್ತ ಕೂತರೆ ಮೂರೂ ವರ್ಕರ್ ಅವರಿಗೇ ಸಿಕ್ಕಿಹಾಕಿಕೊಳ್ಳುತ್ತವೆ. ನಾಲ್ಕನೆಯವರು ಕಾಯಬೇಕು. ಎಂಜಿನ್‌ಎಕ್ಸ್ ಮುಂದೆ ಇದ್ದರೆ ಇಡೀ ಫೋಟೊ ತಾನು ಪಡೆದುಕೊಂಡ ಮೇಲೇ ಆ್ಯಪ್‌ಗೆ ಕೊಡುತ್ತದೆ. ಇಗೊರ್ ಸಿಸೊಯೆವ್ 2004ರಲ್ಲಿ ಇದನ್ನು ಹೊರತಂದದ್ದೇ ಸಾವಿರಾರು ಸಂಪರ್ಕಗಳನ್ನು ಕೆಲವೇ ಪ್ರೋಸೆಸ್‌ಗಳಲ್ಲಿ ನಿಭಾಯಿಸಲು. ನನ್ನಂಥ ಚಿಕ್ಕ ಸರ್ವರ್ ಇರುವವರಿಗೆ ಇದು ದೊಡ್ಡ ಉಪಕಾರ.

ಎಲ್ಲ ಸರಿಹೋಯಿತು ಎಂದು ಲಾಗ್‌ಔಟ್ ಮಾಡಿ ಮಲಗಿದೆ. ಬೆಳಿಗ್ಗೆ ನೋಡಿದರೆ ‘502 ಬ್ಯಾಡ್ ಗೇಟ್‌ವೇ’. ಎಂಜಿನ್‌ಎಕ್ಸ್‌ನ ಎರರ್ ಲಾಗ್ ತೆಗೆದೆ. ಅಲ್ಲಿದ್ದದ್ದು ಮೇಲೆ ಹೇಳಿದ ಇನ್ನೊಂದು ಮಾತು: ಕನೆಕ್ಷನ್ ರಿಫ್ಯೂಸ್ಡ್. ಈ ಸಲ ತೊಂದರೆ ಎಂಜಿನ್‌ಎಕ್ಸ್ ಮತ್ತು ಆ್ಯಪ್ ನಡುವೆ. ಅಂದರೆ ಎಂಜಿನ್‌ಎಕ್ಸ್ ಬದುಕಿದೆ, ಹಿಂದಿನ ಆ್ಯಪ್ ಸತ್ತಿದೆ. ಗುನಿಕಾರ್ನನ್ನು ನಾನು ಕೈಯಿಂದಲೇ ಶುರು ಮಾಡಿದ್ದೆ, ಲಾಗ್‌ಔಟ್ ಆದಾಗ ಅದೂ ನಿಂತಿತ್ತು.

ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಸೈಟ್ ಬರದಿದ್ದರೆ ಒಳಗಿನಿಂದ ಹೊರಗೆ ಬರುತ್ತೇನೆ. ಮೊದಲು ಸರ್ವರ್ ಒಳಗೇ ಕರ್ಲ್‌ನಿಂದ (ವೆಬ್ ವಿನಂತಿ ಕಳಿಸುವ ಕಮಾಂಡ್) ಆ್ಯಪ್‌ನ 8000 ಕೇಳುತ್ತೇನೆ. ಅದು ಉತ್ತರಿಸಿದರೆ ಎಂಜಿನ್‌ಎಕ್ಸ್‌ನ 80 ಕೇಳುತ್ತೇನೆ. ಅದೂ ಸರಿ ಇದ್ದರೆ ಮಾತ್ರ ಹೊರಗಿನಿಂದ. ಎಲ್ಲಿ ನಿಂತಿತೋ ಆ ಪದರದ ಫೈಲನ್ನೇ ಮುಟ್ಟುತ್ತೇನೆ, ಬೇರೆಯದನ್ನು ಮುಟ್ಟುವುದಿಲ್ಲ.

ಗುನಿಕಾರ್ನ್‌ಗೆ ಸಿಸ್ಟಮ್‌ಡಿ (ಉಬುಂಟುನಲ್ಲಿ ಪ್ರೋಗ್ರಾಮ್‌ಗಳನ್ನು ಹಿನ್ನೆಲೆಯಲ್ಲಿ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಸರ್ವಿಸ್ ಫೈಲ್ ಬರೆದೆ, ಸತ್ತರೆ ತಾನೇ ಮತ್ತೆ ಏಳುವಂತೆ. ಇಲ್ಲಿ ‘ಸ್ಟಾರ್ಟ್’ ಎಂದರೆ ಈಗ ಓಡಿಸು, ‘ಎನೇಬಲ್’ ಎಂದರೆ ಸರ್ವರ್ ಬೂಟ್ ಆದಾಗಲೆಲ್ಲ ಓಡಿಸು. ಎರಡೂ ಬೇಕು. ನಂಬಿಕೆ ಬರಲು ಸರ್ವರನ್ನೇ ರೀಬೂಟ್ ಮಾಡಿ ನೋಡಿದೆ. ಜನ ಬಳಸಲು ಶುರು ಮಾಡುವ ಮೊದಲೇ ಇದನ್ನು ಮಾಡಿಬಿಡಿ.

ನಂತರದ್ದು ಚಿಕ್ಕ ಚಿಕ್ಕವು. ದೊಡ್ಡ ಫೋಟೊ ಹಾಕಿದರೆ 413 (ಕಳಿಸಿದ್ದು ತೀರಾ ದೊಡ್ಡದು) ಬಂತು, ಏಕೆಂದರೆ ಎಂಜಿನ್‌ಎಕ್ಸ್ ತಾನಾಗಿ 1 ಎಂಬಿವರೆಗೆ ಮಾತ್ರ ಬಿಡುತ್ತದೆ. ‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’ ಸಾಲಿನಲ್ಲಿ 15 ಎಂಬಿ ಮಾಡಿದೆ. ಪುಟದ ವಿನ್ಯಾಸದ ಸಿಎಸ್‌ಎಸ್ ಫೈಲ್‌ಗಳಿಗೆ 403 (ಅನುಮತಿ ಇಲ್ಲ) ಬಂತು. ಅವು ನನ್ನ ಹೋಮ್ ಫೋಲ್ಡರ್‌ನಲ್ಲಿದ್ದವು, ಈಚಿನ ಉಬುಂಟುನಲ್ಲಿ ಅದರೊಳಗೆ ಬೇರೆ ಯೂಸರ್‌ಗಳಿಗೆ ಪ್ರವೇಶವಿಲ್ಲ, ಎಂಜಿನ್‌ಎಕ್ಸ್ ಓಡುವುದು ಬೇರೆ ಯೂಸರ್ ಹೆಸರಿನಲ್ಲಿ. 777 ಅನುಮತಿ ಕೊಟ್ಟು ಬಗೆಹರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಯಾರು ಬೇಕಾದರೂ ಬರೆಯಬಹುದು ಎಂದಾಗುತ್ತದೆ. ನಾನು ಫೈಲ್‌ಗಳನ್ನೇ ಎಂಜಿನ್‌ಎಕ್ಸ್ ಓದಬಲ್ಲ ಜಾಗಕ್ಕೆ ಸಾಗಿಸಿದೆ.

ಪ್ರತಿ ಬದಲಾವಣೆಯ ನಂತರ ಎಂಜಿನ್‌ಎಕ್ಸ್‌ನ ಟೆಸ್ಟ್ ಕಮಾಂಡ್ ಓಡಿಸಿ, ಆಮೇಲೆ ರೀಲೋಡ್. ಫೈಲ್‌ನಲ್ಲಿ ತಪ್ಪಿದ್ದರೂ ರೀಲೋಡ್‌ನಲ್ಲಿ ಹಳೆಯದು ಓಡುತ್ತಲೇ ಇರುತ್ತದೆ. ರೀಸ್ಟಾರ್ಟ್ ಮಾಡಿದರೆ ಒಂದು ಸೆಮಿಕೋಲನ್ ಬಿಟ್ಟುಹೋಗಿದ್ದಕ್ಕೆ ಸೈಟೇ ಮಲಗುತ್ತದೆ.

ಎಚ್‌ಟಿಟಿಪಿಎಸ್‌ಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ತೆಗೆದುಕೊಂಡೆ. ಅದರ ಅವಧಿ 90 ದಿನ. ಸರ್ಟಿಫಿಕೇಟ್ ತರುವ ಸರ್ಟ್‌ಬಾಟ್ ಎಂಬ ಪ್ರೋಗ್ರಾಮ್ ತಾನೇ ನವೀಕರಿಸುತ್ತದೆ, ಆದರೆ ನಾನು ಆರಿಸಿದ ವಿಧಾನದಲ್ಲಿ ಡೊಮೇನ್ ನನ್ನದೇ ಎಂದು ಅವರು ಪರೀಕ್ಷಿಸುವುದು 80 ಪೋರ್ಟ್ ಮೂಲಕ. ‘ಇನ್ನು 443 ಇದೆಯಲ್ಲ’ ಎಂದು 80 ಮುಚ್ಚಿದರೆ ನವೀಕರಣ ನಿಲ್ಲುತ್ತದೆ.

ಇಷ್ಟಾದ ಮೇಲೂ ಆ್ಯಪ್ ಕಳಿಸುವ ಇಮೇಲ್‌ನಲ್ಲಿ ಲಿಂಕ್‌ಗಳು ಎಚ್‌ಟಿಟಿಪಿ ಎಂದೇ ಇರುತ್ತಿದ್ದವು. ಆ್ಯಪ್‌ನ ಲಾಗ್‌ನಲ್ಲಿ ಬಂದವರೆಲ್ಲರ ವಿಳಾಸವೂ 127.0.0.1. ಅದು ಸಹಜವೇ, ಆ್ಯಪ್ ಮಾತಾಡುವುದು ಎಂಜಿನ್‌ಎಕ್ಸ್ ಜೊತೆ ಮಾತ್ರ. ನಿಜವಾದ ವಿಳಾಸ ಮತ್ತು ಪ್ರೋಟೊಕಾಲ್ (ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ) ತಿಳಿಸುವ ಎರಡು ಹೆಡರ್‌ಗಳನ್ನು, ಅಂದರೆ ವಿನಂತಿಯ ಜೊತೆ ಹೋಗುವ ಮಾಹಿತಿ ಸಾಲುಗಳನ್ನು, ಎಂಜಿನ್‌ಎಕ್ಸ್‌ನಲ್ಲಿ ಸೇರಿಸಿದೆ. ಆ್ಯಪ್ ಅವುಗಳನ್ನು ನಂಬುವಂತೆ, ಫ್ಲಾಸ್ಕ್ ಜೊತೆಗೇ ಬರುವ ಪ್ರಾಕ್ಸಿಫಿಕ್ಸ್ ಎಂಬ ಕೋಡ್ ಹಾಕಿದೆ. ಮುಂದಿನ ವಿನಂತಿಯಲ್ಲೇ ಲಾಗ್‌ನಲ್ಲಿ ನನ್ನ ಫೋನಿನ ವಿಳಾಸ ಕಾಣಿಸಿತು.