ಬಲಿತ ಕಾಯಿ ಹದವಾಗಿ ಹಣ್ಣಾಗಲು ಏನು ಮಾಡಬೇಕು?

ಅಡೆ ಹಾಕುವ ಮೊದಲು ಕಾಯಿ ಬಲಿತಿದೆಯೇ ನೋಡಿ. ಎಳೆಗಾಯಿಯನ್ನು ಎಷ್ಟು ದಿನ ಮುಚ್ಚಿಟ್ಟರೂ ಮೆತ್ತಗಾಗಿ ಸುಕ್ಕುಗಟ್ಟುತ್ತದೆಯೇ ಹೊರತು ರುಚಿ ಬರುವುದಿಲ್ಲ. ಸಕ್ಕರೆಯಾಗಬೇಕಾದ ಪಿಷ್ಟ ಅದರಲ್ಲಿ ಇನ್ನೂ ತುಂಬಿರುವುದಿಲ್ಲ. ಬಲಿತ ಮಾವಿನ ಭುಜ ತೊಟ್ಟಿಗಿಂತ ಮೇಲಕ್ಕೆ ಉಬ್ಬಿರುತ್ತದೆ, ನೀರಿಗೆ ಹಾಕಿದರೆ ಸಾಮಾನ್ಯವಾಗಿ ಮುಳುಗುತ್ತದೆ. ಸಪೋಟವನ್ನು ಉಗುರಿನಿಂದ ಕೆರೆದಾಗ ಸಿಪ್ಪೆಯಡಿ ಹಸಿರು ಕಂಡರೆ ಇನ್ನೂ ಕಾಯಬೇಕು. ಪಪ್ಪಾಯಿಯ ತುದಿಯಲ್ಲಿ ಹಳದಿ ಗೆರೆ ಮೂಡಿರಬೇಕು. ಅನಾನಸ್, ಲಿಚಿಗಳನ್ನು ಅಡೆ ಹಾಕಿ ಪ್ರಯೋಜನವಿಲ್ಲ, ಕೊಯ್ದ ಮೇಲೆ ಅವುಗಳ ಸಿಹಿ ಹೆಚ್ಚುವುದಿಲ್ಲ.

ಮಾವಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ಸೊನೆಯಲ್ಲಿ. ಉದ್ದ ತೊಟ್ಟು ಬಿಟ್ಟು ಕೊಯ್ಯಿರಿ. ನೆರಳಿಗೆ ತಂದು ತೊಟ್ಟು ಕತ್ತರಿಸಿ, ಜಾಲರಿಯ ಮೇಲೆ ತೊಟ್ಟು ಕೆಳಗಾಗಿ ಇಟ್ಟು ಸೊನೆ ಪೂರ್ತಿ ಸೋರಲು ಬಿಡಿ. ಸಿಪ್ಪೆಗೆ ತಗುಲಿದ ಸೊನೆ ಸುಟ್ಟ ಹಾಗೆ ಕಪ್ಪು ಗೆರೆ ಮೂಡಿಸುತ್ತದೆ, ಕೊಳೆ ಶುರುವಾಗುವುದು ಅಲ್ಲಿಂದಲೇ. ಬರೀ ನೆಲದ ಮೇಲಂತೂ ಇಡಲೇಬೇಡಿ, ತೊಟ್ಟಿನ ಗಾಯಕ್ಕೆ ಮಣ್ಣಿನ ಶಿಲೀಂಧ್ರ ಸೇರಿಕೊಳ್ಳುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿಸುವ ಚಿಬ್ಬು ರೋಗದ ಕಾಟವಿದ್ದರೆ 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 5ರಿಂದ 10 ನಿಮಿಷ ಮುಳುಗಿಸಿ ಆರಿಸಿ. ಥರ್ಮಾಮೀಟರ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಶಾಖ ಸ್ವಲ್ಪ ಮೀರಿದರೂ ಸಿಪ್ಪೆ ಬೇಯುತ್ತದೆ, ಕಡಿಮೆಯಾದರೆ ರೋಗ ಹಾಗೇ ಉಳಿಯುತ್ತದೆ.

ಇನ್ನು ಮಾಗಿಸುವುದು. ಕಾಯಿಗಳನ್ನು ಕಾಗದ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಒಂದೇ ಪದರವಾಗಿ ಜೋಡಿಸಿ, ನಡುವೆ ಒಂದೆರಡು ಮಾಗಿದ ಬಾಳೆಹಣ್ಣು ಇಡಿ. ಅದು ಬಿಡುವ ಎಥಿಲೀನ್ ಅನಿಲ ಉಳಿದವನ್ನೂ ಮಾಗಲು ಎಬ್ಬಿಸುತ್ತದೆ. ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿದರೆ ಆಮ್ಲಜನಕ ಮುಗಿದು ಹಣ್ಣು ಹುಳಿ ವಾಸನೆ ಹಿಡಿಯುತ್ತದೆ, ಆದ್ದರಿಂದ ಪೆಟ್ಟಿಗೆಯನ್ನೇ ಬಳಸಿ, ದಿನಕ್ಕೊಮ್ಮೆ ಅದರ ಮುಚ್ಚಳ ತೆಗೆದು ಗಾಳಿಯಾಡಿಸಿ. ಕೊಳೆತದ್ದು ಕಂಡರೆ ಆಗಲೇ ತೆಗೆಯಿರಿ. ಮಾವಿಗೆ 20ರಿಂದ 24 ಡಿಗ್ರಿ ಒಳ್ಳೆಯ ಹದ. ಬಾಳೆಯನ್ನು 30 ಡಿಗ್ರಿ ಮೀರಿದ ಸೆಕೆಯಲ್ಲಿಟ್ಟರೆ ತಿರುಳು ಮೆತ್ತಗಾದರೂ ಸಿಪ್ಪೆ ಹಸಿರಾಗಿಯೇ ಉಳಿಯಬಹುದು.

ಬೇಗ ಹಣ್ಣಾಗಿಸಲು ಕೆಲವರು ಬಳಸುವ ಕ್ಯಾಲ್ಸಿಯಂ ಕಾರ್ಬೈಡ್ ಎಂಬ ರಾಸಾಯನಿಕ ಖಂಡಿತ ಬೇಡ. ಅದರಲ್ಲಿ ಆರ್ಸೆನಿಕ್, ರಂಜಕದ ಕಲ್ಮಶವಿರುತ್ತದೆ. ಮೇಲೆ ಬಣ್ಣ ಬಂದರೂ ಒಳಗೆ ಕಾಯಿಯೇ.

ಕಾಯಿಯನ್ನು ಫ್ರಿಜ್‌ಗೆ ಇಡಬೇಡಿ. ಬಾಳೆಕಾಯಿ 13 ಡಿಗ್ರಿಗಿಂತ ಕೆಳಗೆ ತಣ್ಣಗಾದರೆ ಸಿಪ್ಪೆಯೊಳಗೆ ಕಂದು ಗೆರೆ ಹರಿಯುತ್ತದೆ, ಆಮೇಲೆ ಹೊರಗೆ ತೆಗೆದಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ. ಮಾವು, ಪಪ್ಪಾಯಿಗೂ ಚಳಿ ಆಗದು. ಪೂರ್ತಿ ಮಾಗಿದ್ದನ್ನು ಮಾತ್ರ ಕೆಲವು ದಿನ ಫ್ರಿಜ್‌ನಲ್ಲಿಡಬಹುದು. ಬಾಳೆಯ ಸಿಪ್ಪೆ ಕಪ್ಪಾಗುತ್ತದೆ, ತಿರುಳು ಕೆಡುವುದಿಲ್ಲ. ಸೀತಾಫಲ ಮೆತ್ತಗಾದ ಮೇಲೆ ಹೆಚ್ಚು ತಡೆಯದು, ಬೇಗ ತಿಂದು ಮುಗಿಸಿ. ಸೌತೆಕಾಯಿ, ಸೊಪ್ಪನ್ನು ಮಾಗಿದ ಹಣ್ಣಿನ ಪಕ್ಕ ಇಡಬೇಡಿ, ಎಥಿಲೀನ್ ತಗುಲಿ ಬೇಗ ಹಳದಿಗಟ್ಟುತ್ತವೆ.