ಟೆಕ್ಸಸ್‌ನ ಫ್ರಿಸ್ಕೋಗೆ ಬರುತ್ತಿದ್ದೀರಾ? ಮನೆ ಹಿಡಿಯುವ ಮೊದಲು ಸ್ಕೂಲಿನ ವಿಷಯ ತಿಳಿದುಕೊಳ್ಳಿ

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನಮ್ಮ ಕನ್ನಡ ಸಂಘದವರ ಫೋನು ಸುಮ್ನೆ ಇರುವುದಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಕರೆ. ನ್ಯೂಜೆರ್ಸಿಯಿಂದ ಟೆಕ್ಸಸ್‌ಗೆ ಕೆಲಸ ಬದಲಾದವರ ಕರೆ. ಕೇಳುವುದು ಮಾತ್ರ ಒಂದೇ: "ಫ್ರಿಸ್ಕೋದಲ್ಲಿ ಯಾವ ಸ್ಕೂಲು ಬೆಸ್ಟು?" ನಾವು ತಿರುಗಿ ಕೇಳುವುದೂ ಒಂದೇ: "ನೀವು ನೋಡಿರುವ ಮನೆ ಯಾವ ಐಎಸ್‌ಡಿಯಲ್ಲಿದೆ?" ಅಲ್ಲಿಗೆ ಆ ಕಡೆ ಮಾತು ನಿಂತುಬಿಡುತ್ತದೆ.

ಐಎಸ್‌ಡಿ ಅಂದರೆ ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್. ಡಿಸ್ಟ್ರಿಕ್ಟ್ ಅಂದ ತಕ್ಷಣ ಡಿಸಿ ಆಫೀಸು, ಡಿಡಿಪಿಐ ನೆನಪಾಗುವುದು ಸಹಜ. ಇಲ್ಲಿ ಹಾಗಲ್ಲ. ಇದು ಸ್ಕೂಲಿಗೆಂದೇ ಇರುವ ಬೇರೆ ಆಡಳಿತ. ಅದಕ್ಕೆ ತನ್ನದೇ ಗಡಿ, ತನ್ನದೇ ತೆರಿಗೆ, ಜನ ಆರಿಸಿದ 7 ಜನರ ಬೋರ್ಡು ಇದೆ. ಊರಿನ ಪುರಸಭೆಗೂ ಇದಕ್ಕೂ ಗಡಿ ಒಂದೇ ಅಲ್ಲ. ಹೊಸಬರು ಮೋಸಹೋಗುವುದು ಇಲ್ಲೇ.

ವಿಳಾಸ ಫ್ರಿಸ್ಕೋ, ಸ್ಕೂಲು ಮಾತ್ರ ಬೇರೆ

ಫ್ರಿಸ್ಕೋ ಊರಿನ ಕೆಲವು ಬಡಾವಣೆಗಳು ಪ್ರಾಸ್ಪರ್, ಲಿಟಲ್ ಎಲ್ಮ್, ಲೂಯಿಸ್‌ವಿಲ್ ಐಎಸ್‌ಡಿಗಳಿಗೆ ಸೇರುತ್ತವೆ. ಅದೇ ಹೊತ್ತಿಗೆ ಪ್ಲೇನೋ, ಮೆಕಿನಿ, ಲಿಟಲ್ ಎಲ್ಮ್ ಊರುಗಳ ಕೆಲವು ಮನೆಗಳು ಫ್ರಿಸ್ಕೋ ಐಎಸ್‌ಡಿಯಲ್ಲಿವೆ. ಡಿಸ್ಟ್ರಿಕ್ಟಿನ ಹರವು ಸುಮಾರು 75 ಚದರ ಮೈಲಿ, ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಚಾಚಿಕೊಂಡಿದೆ. ಪಿನ್ ಕೋಡ್ ನೋಡಿ ತೀರ್ಮಾನ ಮಾಡಬೇಡಿ. ಬಾಡಿಗೆ ಏಜೆಂಟರ ಮಾತೂ ಸಾಲದು. "ಎಲ್ಲಾ ಫ್ರಿಸ್ಕೋ ಸ್ಕೂಲೇ ಸರ್" ಅಂದದ್ದನ್ನು ನಂಬಿ ಒಂದು ವರ್ಷದ ಲೀಸ್‌ಗೆ (ಇಲ್ಲಿ ಲೀಸ್ ಅಂದರೆ ಬಾಡಿಗೆ ಕರಾರು) ಸಹಿ ಹಾಕಿ, ಆಮೇಲೆ ಮಗಳ ಸ್ಕೂಲು ಪಕ್ಕದ ಡಿಸ್ಟ್ರಿಕ್ಟಿನದು ಅಂತ ತಿಳಿದು ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ಪಕ್ಕದ ಸ್ಕೂಲೂ ಚೆನ್ನಾಗಿಯೇ ಇತ್ತು, ಆ ಮಾತು ಬೇರೆ.

ಆದ್ದರಿಂದ ಮನೆ ನಂಬರು ಸಮೇತ ಪೂರ್ತಿ ವಿಳಾಸವನ್ನು ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಎಲಿಮೆಂಟರಿ (5ನೇ ಗ್ರೇಡಿನವರೆಗೆ), ಮಿಡಲ್ (6ರಿಂದ 8), ಹೈಸ್ಕೂಲು (9ರಿಂದ 12) ಮೂರರ ಹೆಸರೂ ಬರುತ್ತದೆ. ಆ ಗಡಿಗಳೂ ಶಾಶ್ವತವಲ್ಲ. ಇಂಥ ಹೈಸ್ಕೂಲು ಸಿಗಲಿ ಅಂತಲೇ 50 ಸಾವಿರ ಡಾಲರ್ ಜಾಸ್ತಿ ಕೊಟ್ಟು ಮನೆ ಕೊಳ್ಳುವವರಿದ್ದಾರೆ. ಮಗು ಈಗ ಒಂದನೇ ಗ್ರೇಡಿನಲ್ಲಿದ್ದರೆ ಇದು ನನಗೆ ಸ್ವಲ್ಪ ಜೂಜಿನ ಹಾಗೆ ಕಾಣುತ್ತದೆ.

ಬೆಳೆದ ಕಥೆ, ಈಗ ಕುಗ್ಗುತ್ತಿರುವ ಕಥೆ

2000ದಲ್ಲಿ ಫ್ರಿಸ್ಕೋ ಊರಿನ ಜನಸಂಖ್ಯೆ 33,714. 2020ರಲ್ಲಿ 2,00,509. 2003ರಲ್ಲಿ ಸೆಂಟೆನಿಯಲ್ ಹೈಸ್ಕೂಲು ತೆರೆಯುವವರೆಗೆ ಇಡೀ ಡಿಸ್ಟ್ರಿಕ್ಟಿಗೆ ಇದ್ದದ್ದು ಒಂದೇ ಹೈಸ್ಕೂಲು. 2022ರಲ್ಲಿ ಪ್ಯಾಂಥರ್ ಕ್ರೀಕ್ ತೆರೆದಾಗ ಸಂಖ್ಯೆ 12ಕ್ಕೆ ಮುಟ್ಟಿತು. ನಮ್ಮ ಕಡೆ ಲೇಔಟ್ ಮೊದಲು, ಸ್ಕೂಲು ಆಮೇಲೆ ಅಲ್ವಾ? ಇಲ್ಲಿ ಜೋಳದ ಹೊಲದ ನಡುವೆ ಸ್ಕೂಲು ಎದ್ದು, ಅದರ ಸುತ್ತ ಮನೆಗಳು ಬಂದದ್ದನ್ನು ಹಳಬರು ಈಗಲೂ ಹೇಳುತ್ತಾರೆ.

ಈ ಡಿಸ್ಟ್ರಿಕ್ಟಿನ ದೊಡ್ಡ ಸಾಧನೆ ನನ್ನ ಲೆಕ್ಕದಲ್ಲಿ ರ‍್ಯಾಂಕಿಂಗ್ ಅಲ್ಲ. ಹೈಸ್ಕೂಲುಗಳನ್ನು ಬೇಕೆಂದೇ ಚಿಕ್ಕದಾಗಿ ಇಟ್ಟುಕೊಂಡದ್ದು. ಒಂದೊಂದರಲ್ಲಿ ಸುಮಾರು 2,100 ಮಕ್ಕಳಿಗಿಂತ ಹೆಚ್ಚು ಬೇಡ ಅಂತ ನಿರ್ಧಾರ. ಪಕ್ಕದ ಆ್ಯಲನ್ ಊರಿಗೆ ಒಂದೇ ಒಂದು ದೈತ್ಯ ಹೈಸ್ಕೂಲು. ಪ್ಲೇನೋದಲ್ಲಿ ಹನ್ನೊಂದು, ಹನ್ನೆರಡನೇ ಗ್ರೇಡಿನವರಿಗೆ ಬೇರೆಯೇ ಸೀನಿಯರ್ ಹೈಸ್ಕೂಲುಗಳಿವೆ. ಫ್ರಿಸ್ಕೋದ ದಾರಿಯಲ್ಲಿ ಲಾಭ ಏನು ಅಂದರೆ, 12 ಸ್ಕೂಲಿದ್ದರೆ 12 ಬ್ಯಾಂಡು, 12 ಡಿಬೇಟ್ ತಂಡ, 12 ಟೆನಿಸ್ ತಂಡ. ಸಾಧಾರಣವಾಗಿ ಆಡುವ ಮಗುವಿಗೂ ಜಾಗ ಸಿಗುತ್ತದೆ. ಅಮೆರಿಕನ್ ಫುಟ್‌ಬಾಲಿನ ಡಲ್ಲಾಸ್ ಕೌಬಾಯ್ಸ್ ತಂಡದವರು ಅಭ್ಯಾಸ ಮಾಡುವ 12 ಸಾವಿರ ಸೀಟಿನ ಫೋರ್ಡ್ ಸೆಂಟರ್‌ನಲ್ಲಿ ನಮ್ಮ ಸ್ಕೂಲುಗಳ ಫುಟ್‌ಬಾಲ್ ಪಂದ್ಯಗಳೂ ನಡೆಯುತ್ತವೆ. ಫುಟ್‌ಬಾಲ್ ಅರ್ಥವಾಗದಿದ್ದರೂ ಒಂದು ಶುಕ್ರವಾರ ಸಂಜೆ ಹೋಗಿ, ಹಾಫ್ ಟೈಮಿನಲ್ಲಿ ಮಾರ್ಚಿಂಗ್ ಬ್ಯಾಂಡ್ ನೋಡಿ. ದಸರಾ ಪಂಜಿನ ಕವಾಯತು ನೋಡಿದವರಿಗೆ ಇದು ಹಿಡಿಸದೆ ಇರದು.

ಇನ್ನೊಂದು ಒಳ್ಳೆಯ ಕೆಲಸ 2008ರಲ್ಲಿ ತೆರೆದ ಕರಿಯರ್ ಆ್ಯಂಡ್ ಟೆಕ್ನಿಕಲ್ ಎಜುಕೇಶನ್ ಸೆಂಟರ್. ಎಲ್ಲರ ಬಾಯಲ್ಲಿ ಸಿಟಿಇ ಸೆಂಟರ್. ಹೈಸ್ಕೂಲಿನ ಮಕ್ಕಳು ದಿನದ ಸ್ವಲ್ಪ ಹೊತ್ತು ಇಲ್ಲಿಗೆ ಬಂದು ಆರೋಗ್ಯ, ಎಂಜಿನಿಯರಿಂಗ್, ಅಡುಗೆ, ಪಶುವೈದ್ಯ, ಕಾನೂನು ಹೀಗೆ ತಮಗೆ ಬೇಕಾದದ್ದನ್ನು ಕೈಯಾರೆ ಕಲಿಯುತ್ತಾರೆ. "ಐಟಿಐ ಥರಾನಾ?" ಅಂತ ನಮ್ಮವರು ಮೂಗು ಮುರಿಯುವುದುಂಟು. ಬೇಡಿ. ಡಾಕ್ಟರ್ ಆಗಬೇಕೆಂದಿದ್ದ ಹುಡುಗಿಗೆ ಅದು ತನಗೆ ಒಗ್ಗದು ಅಂತ 17ನೇ ವಯಸ್ಸಿಗೇ ತಿಳಿದರೆ ಅದೂ ಲಾಭವೇ.

ಈಗ ಕಥೆಯ ಇನ್ನೊಂದು ಅರ್ಧ. 2022-23ರ ಸುಮಾರಿಗೆ ಮಕ್ಕಳ ಸಂಖ್ಯೆ 67 ಸಾವಿರದ ಹತ್ತಿರ ಹೋಗಿ, ಅಲ್ಲಿಂದ ಇಳಿಯತೊಡಗಿತು. ಮನೆಗಳ ಬೆಲೆ ಏರಿದೆ, ಎಳೆಯ ಮಕ್ಕಳಿರುವವರು ಇನ್ನೂ ಉತ್ತರಕ್ಕೆ ಹೋಗುತ್ತಿದ್ದಾರೆ, ಹುಟ್ಟುವ ಮಕ್ಕಳೂ ಕಡಿಮೆ. ಇಲ್ಲಿ ಹಣ ಬರುವುದು ಮಕ್ಕಳ ಹಾಜರಾತಿಯ ಲೆಕ್ಕದಲ್ಲಿ. ತಲೆಗೆ 6,160 ಡಾಲರ್ ಎಂಬ ರಾಜ್ಯದ ಮೂಲ ಮೊತ್ತ 2019ರಿಂದ ಅಲ್ಲಾಡಲೇ ಇಲ್ಲ. 2025ರಲ್ಲಿ ಸೇರಿಸಿದ್ದು 55 ಡಾಲರ್! ಬೇರೆ ಬಾಬಿನಲ್ಲಿ, ಅದರಲ್ಲೂ ಟೀಚರ್ ಸಂಬಳಕ್ಕೆ, ಹಣ ಬಂತು, ನಿಜ. ಆದರೂ ಚಿಕ್ಕ ಸ್ಕೂಲುಗಳ ಮಾದರಿ ದುಬಾರಿ. ಕಟ್ಟಡ ಜಾಸ್ತಿ, ಪ್ರಿನ್ಸಿಪಾಲರು ಜಾಸ್ತಿ, ಕರೆಂಟ್ ಬಿಲ್ಲೂ ಜಾಸ್ತಿ.

ಇಲ್ಲಿ ದೊಡ್ಡ ಖರ್ಚಿಗೆ ಡಿಸ್ಟ್ರಿಕ್ಟು ಜನರ ಮತ ಕೇಳಬೇಕು. 2018ರಲ್ಲಿ 691 ಮಿಲಿಯನ್ ಡಾಲರ್ ಬಾಂಡಿಗೆ, ಅಂದರೆ ಸಾಲ ಎತ್ತುವುದಕ್ಕೆ, ಜನ ಹೂಂ ಅಂದರು. 2024ರ ನವೆಂಬರ್‌ನಲ್ಲಿ ತೆರಿಗೆ ಏರಿಕೆಗೂ, ನೂರು ಕೋಟಿ ಡಾಲರ್ ದಾಟಿದ ಬಾಂಡಿಗೂ ಬೇಡ ಅಂದರು. ಅದೇ ಹೊತ್ತಿಗೆ ಸ್ಟೇಲಿ ಮಿಡಲ್ ಸ್ಕೂಲನ್ನು 2024-25 ಮುಗಿದ ಮೇಲೆ ಮುಚ್ಚುವ ತೀರ್ಮಾನ ಬಂತು. ಪ್ಲೇನೋದಲ್ಲಿ ಒಂದೇ ಏಟಿಗೆ 4 ಸ್ಕೂಲು ಮುಚ್ಚಿದರು. ಖಾಲಿ ಸೀಟು ತುಂಬಲು ಫ್ರಿಸ್ಕೋ 'ಆ್ಯಕ್ಸೆಸ್ ಫ್ರಿಸ್ಕೋ' ಅಂತ ಹೊರಗಿನ ಮಕ್ಕಳಿಗೂ ಬಾಗಿಲು ತೆರೆದಿದೆ. ಗಡಿಯಾಚೆ ಮನೆ ಸಿಕ್ಕಿದವರು ಇದನ್ನು ವಿಚಾರಿಸಿ. ಎಲ್ಲ ಸ್ಕೂಲಿನಲ್ಲೂ ಜಾಗ ಇರುವುದಿಲ್ಲ, ಮಗುವನ್ನು ಬಿಟ್ಟು ಕರೆತರುವ ಜವಾಬ್ದಾರಿ ನಿಮ್ಮದೇ.

ಹಾಗಾಗಿ ಮುಂದಿನ ವರ್ಷಗಳ ಯೋಜನೆ ಅಂದರೆ ಹೊಸ ಕಟ್ಟಡಗಳಲ್ಲ. ಇರುವ ಹಳೆ ಕಟ್ಟಡ ರಿಪೇರಿ ಮಾಡಬೇಕಾ, ಎರಡು ಸ್ಕೂಲು ಸೇರಿಸಬೇಕಾ, ಗಡಿ ಬದಲಿಸಬೇಕಾ, ಇಂಥ ಪ್ರಶ್ನೆಗಳು. 2026-27ರಿಂದ ಖಾಸಗಿ ಸ್ಕೂಲಿಗೆ ಹೋಗುವವರಿಗೆ ರಾಜ್ಯವೇ ದುಡ್ಡು ಕೊಡುವ 100 ಕೋಟಿ ಡಾಲರಿನ ಯೋಜನೆಯೂ ಶುರು. ಅದರ ಏಟು ಎಷ್ಟು ಅಂತ ಎಲ್ಲರೂ ಕಾದು ನೋಡುತ್ತಿದ್ದಾರೆ. ವೀಸಾದ ಮೇಲಿರುವ ನಮಗೆ ಮತ ಇಲ್ಲ, ಆದರೆ ಬೋರ್ಡಿನ ಸಭೆಯಲ್ಲಿ ಹೆಸರು ಕೊಟ್ಟು ಮಾತಾಡಬಹುದು. ಈ ಡಿಸ್ಟ್ರಿಕ್ಟಿನಲ್ಲಿ ಈಗ ಏಷ್ಯಾ ಮೂಲದ ಮಕ್ಕಳದ್ದೇ ಅತಿ ದೊಡ್ಡ ಗುಂಪು. ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನದಲ್ಲಿ ಶನಿವಾರ ಸೇರುವ ಜನರಲ್ಲಿ ನೂರಕ್ಕೊಬ್ಬರು ಸಭೆಗೆ ಬಂದರೂ ಸಭಾಂಗಣ ತುಂಬುತ್ತದೆ. ಅಂದಹಾಗೆ, ಆ ದೇವಸ್ಥಾನ ಮೈಸೂರಿನ ಅವಧೂತ ದತ್ತಪೀಠದವರದ್ದು. ಅಲ್ಲಿ ಕನ್ನಡ ಕಿವಿಗೆ ಬೀಳುತ್ತದೆ.

ಸೇರಿಸುವಾಗ

ಪಾಸ್‌ಪೋರ್ಟು, ಜನನ ಪ್ರಮಾಣ ಪತ್ರ, ಲೀಸು ಅಥವಾ ಮನೆ ಕೊಂಡ ಕಾಗದ, ಕರೆಂಟ್ ಅಥವಾ ನೀರಿನ ಬಿಲ್ಲು, ಹಿಂದಿನ ಸ್ಕೂಲಿನ ಟಿಸಿ, ಅಂಕಪಟ್ಟಿ. ವೀಸಾ ಯಾವುದು ಅಂತ ಕೇಳುವುದಿಲ್ಲ. ಸೆಪ್ಟೆಂಬರ್ 1ಕ್ಕೆ 5 ವರ್ಷ ತುಂಬಿದ್ದರೆ ಕಿಂಡರ್‌ಗಾರ್ಟನ್, 6 ತುಂಬಿದ್ದರೆ ಒಂದನೇ ಗ್ರೇಡು. ಬೆಂಗಳೂರಿನಲ್ಲಿ ಬೇಗ ಸೇರಿಸಿದ್ದ ಮಗು ಇಲ್ಲಿ ಒಂದು ವರ್ಷ ಹಿಂದೆ ಬಿದ್ದಂತೆ ಕಾಣಬಹುದು. ಜಗಳ ಆಡಬೇಡಿ, ಮಗುವಿಗೆ ಇಂಗ್ಲಿಷ್ ಉಚ್ಚಾರಣೆಗೂ ಹೊಸ ಗೆಳೆಯರಿಗೂ ಒಗ್ಗಿಕೊಳ್ಳಲು ಸಮಯ ಸಿಗುತ್ತದೆ. ಒಂಬತ್ತನೇ ತರಗತಿ ದಾಟಿದ ಮಕ್ಕಳ ಅಂಕಪಟ್ಟಿಗಳನ್ನು ಮಾತ್ರ ಸಹಿ, ಮೊಹರು ಹಾಕಿಸಿ ತನ್ನಿ. ಇಲ್ಲಿ ಕಾಲೇಜಿಗೆ ಲೆಕ್ಕ ಶುರುವಾಗುವುದೇ ಒಂಬತ್ತರಿಂದ.

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಲಸಿಕೆಯಲ್ಲಿ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಎರಡು ಡೋಸ್ ಬೇಕು, ಮೊದಲನೆಯದು ಒಂದು ವರ್ಷ ತುಂಬಿದ ಮೇಲೆ ಹಾಕಿಸಿದ್ದಿರಬೇಕು. ನಮ್ಮಲ್ಲಿ 9ನೇ ತಿಂಗಳಿಗೆ ಹಾಕುವುದು ಇಲ್ಲಿ ಲೆಕ್ಕಕ್ಕಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆ ಇರುವುದಿಲ್ಲ. ಚಿಕನ್ ಪಾಕ್ಸ್ ಎರಡು, ಹೆಪಟೈಟಿಸ್ ಎ ಎರಡು ಬೇಕು, ಇವು ನಮ್ಮ ಸರ್ಕಾರಿ ಪಟ್ಟಿಯಲ್ಲೇ ಇಲ್ಲ. ಏಳನೇ ಗ್ರೇಡಿಗೆ ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮಿನದು) ಮತ್ತು ಮೆನಿಂಜೈಟಿಸ್ ಲಸಿಕೆ. ಭಾರತದಲ್ಲೇ ಮಕ್ಕಳ ಡಾಕ್ಟರ ಹತ್ತಿರ ಕುಳಿತು ಬಾಕಿ ಇರುವುದನ್ನು ಹಾಕಿಸಿಬಿಡಿ, ಇನ್ಶೂರೆನ್ಸ್ ಬರುವ ಮೊದಲು ಇಲ್ಲಿ ಅದು ಜೇಬಿಗೆ ಭಾರ. 2025ರಲ್ಲಿ ಪಶ್ಚಿಮ ಟೆಕ್ಸಸ್‌ನಲ್ಲಿ ದಡಾರ ಹರಡಿ ಇಬ್ಬರು ಮಕ್ಕಳು ಸತ್ತರು. ಅದಾದ ಮೇಲೆ ಸ್ಕೂಲ್ ನರ್ಸುಗಳು ಲಸಿಕೆ ಪುಸ್ತಕವನ್ನು ಗೆರೆ ಗೆರೆ ಓದುತ್ತಾರೆ.

ಆಮೇಲೆ ಒಂದು ಫಾರಂ ಬರುತ್ತದೆ, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ. 'ಇಂಗ್ಲಿಷ್' ಅಂತ ಬರೆದುಬಿಡಿ, ಇಲ್ಲದಿದ್ದರೆ ಮಗುವನ್ನು ಬೇರೆ ಕ್ಲಾಸಿಗೆ ಹಾಕುತ್ತಾರೆ ಅಂತ ವಾಟ್ಸಾಪ್ ಪಂಡಿತರು ಹೇಳುತ್ತಾರೆ. ಅದು ಸುಳ್ಳು. 'ಕನ್ನಡ' ಅಂತಲೇ ಬರೆಯಿರಿ. ನಾಲ್ಕು ವಾರದೊಳಗೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಇಎಸ್‌ಎಲ್, ಅಂದರೆ ಇಂಗ್ಲಿಷ್ ಕಲಿಯಲು ಹೆಚ್ಚುವರಿ ಸಹಾಯ ಸಿಗುತ್ತದೆ, ಮಗು ಎಲ್ಲರ ಜೊತೆಯೇ ಕೂರುತ್ತದೆ. ಬೇಡ ಅನ್ನುವ ಹಕ್ಕೂ ನಿಮಗಿದೆ, ಆದರೆ ಪ್ರತಿ ವರ್ಷ ಇಂಗ್ಲಿಷ್ ಎಷ್ಟು ಬಂತು ಅಂತ ನೋಡುವ ಟೆಲ್ಪಾಸ್ ಪರೀಕ್ಷೆ ತಪ್ಪುವುದಿಲ್ಲ. ಮನೆಯಲ್ಲಿ ಕನ್ನಡ ಆಡುವ ಮಗುವಿನ ಬಗ್ಗೆ ಸುಳ್ಳು ಬರೆದು, ಆರು ತಿಂಗಳ ನಂತರ "ಓದುವುದರಲ್ಲಿ ಹಿಂದಿದ್ದಾನೆ" ಅಂತ ಟೀಚರ್ ಕರೆಸಿದಾಗ ಪೇಚಾಡಿದವರನ್ನು ಕಂಡಿದ್ದೇನೆ.

ದಿನದ ಬಾಳು

35ಕ್ಕೆ ಪಾಸಾಗಿ ಬೆಳೆದ ನಮಗೆ ಮೊದಲ ಆಘಾತ: ಇಲ್ಲಿ ಪಾಸು 70. ಅದಕ್ಕಿಂತ ಕೆಳಗಿಳಿದರೆ ಆಟ, ಬ್ಯಾಂಡು ಕೂಡ ಕೆಲವು ವಾರ ಬಂದ್. 'ನೋ ಪಾಸ್, ನೋ ಪ್ಲೇ' ಅನ್ನುವ ಈ ನಿಯಮ 1984ರಿಂದ ಇದೆ. 3ರಿಂದ 8ನೇ ಗ್ರೇಡಿನವರೆಗೆ ಸ್ಟಾರ್ ಅನ್ನುವ ರಾಜ್ಯದ ಪರೀಕ್ಷೆ. 2027-28ರಿಂದ ಅದು ಹೋಗಿ ವರ್ಷಕ್ಕೆ ಮೂರು ಚಿಕ್ಕ ಪರೀಕ್ಷೆ ಬರಲಿದೆ. ಇದಕ್ಕೆ ಟ್ಯೂಷನ್ ಬೇಡವೇ ಬೇಡ. ಐದನೇ ಗ್ರೇಡಿನ ಗಣಿತದಲ್ಲಿ ಮಗು ಮೇಲಿನ 40 ಪರ್ಸೆಂಟಿನಲ್ಲಿದ್ದರೆ ಆರರಲ್ಲಿ ತಾನಾಗಿಯೇ ಅಡ್ವಾನ್ಸ್ಡ್ ಗಣಿತಕ್ಕೆ ಸೇರಿಸುತ್ತಾರೆ.

ಹೈಸ್ಕೂಲಿನವರ ಮನೆಯಲ್ಲಿ ರ‍್ಯಾಂಕಿನ ಮಾತೇ ಮಾತು. ಟೆಕ್ಸಸ್ ಹೈಸ್ಕೂಲಿನಲ್ಲಿ ಮೇಲಿನ 10 ಪರ್ಸೆಂಟಿನಲ್ಲಿದ್ದರೆ ರಾಜ್ಯದ ಯೂನಿವರ್ಸಿಟಿಗಳಲ್ಲಿ ಸೀಟು ಖಾಯಂ. ಯುಟಿ ಆಸ್ಟಿನ್ (ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿ) ಮಾತ್ರ 2026ರಿಂದ ಅದನ್ನು 5 ಪರ್ಸೆಂಟಿಗೆ ಇಳಿಸಿದೆ. 500 ಮಕ್ಕಳ ಬ್ಯಾಚಿನಲ್ಲಿ ಅದು 25 ಜನ. ಎಲ್ಲರ ಮಕ್ಕಳೂ ಜಾಣರಿರುವ ಊರಿನಲ್ಲಿ ಆ 25ರೊಳಗೆ ಬರುವುದು ಎಷ್ಟು ಕಷ್ಟ ಅಂತ ಲೆಕ್ಕ ಹಾಕಿ, ಆಮೇಲೆ 'ನಂಬರ್ ಒನ್' ಸ್ಕೂಲು ಹುಡುಕಿ.

ಫೋನು, ಸ್ಮಾರ್ಟ್ ವಾಚು 2025ರಿಂದ ಸ್ಕೂಲಿನ ಹೊತ್ತಿನಲ್ಲಿ ಇಡೀ ರಾಜ್ಯದಲ್ಲಿ ನಿಷೇಧ. ಮಗುವಿಗೆ ತುರ್ತು ಮಾತಿದ್ದರೆ ಆಫೀಸಿಗೆ ಫೋನ್ ಮಾಡಿ. ಕ್ಲಬ್ಬಿಗೆ ಸೇರಲು, ನರ್ಸ್ ಔಷಧಿ ಕೊಡಲು ಈಗ ನಿಮ್ಮ ಬರಹದ ಒಪ್ಪಿಗೆ ಬೇಕು. ಆಗಸ್ಟಿನಲ್ಲಿ ಬರುವ ಆ ಉದ್ದನೆಯ ಆನ್‌ಲೈನ್ ಫಾರಂ ಅರ್ಧಕ್ಕೆ ಬಿಡಬೇಡಿ. ಮನೆ ಸ್ಕೂಲಿನಿಂದ ಎರಡು ಮೈಲಿಯೊಳಗಿದ್ದರೆ ಸಾಮಾನ್ಯವಾಗಿ ಬಸ್ಸಿಲ್ಲ.

ಯುಗಾದಿ, ಗಣೇಶನ ಹಬ್ಬಕ್ಕೆ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ಧಾರ್ಮಿಕ ದಿನದ ರಜೆಯನ್ನು ಒಪ್ಪಲೇಬೇಕೆಂದು ಟೆಕ್ಸಸ್ ಕಾನೂನೇ ಹೇಳುತ್ತದೆ, ಒಂದು ಚೀಟಿ ಬರೆದು ಕೊಟ್ಟರೆ ಸಾಕು. ಆದರೆ ಡಿಸೆಂಬರ್ ರಜೆಗೆ ಊರಿಗೆ ಹೋದವರು, ಟಿಕೆಟ್ ಕಡಿಮೆಗೆ ಸಿಕ್ಕಿತು ಅಂತ ಸಂಕ್ರಾಂತಿ ಮುಗಿಸಿಕೊಂಡು ಬರುವುದಿದೆಯಲ್ಲ, ಅದಕ್ಕೆ ಮಾಫಿ ಇಲ್ಲ. ಶೇಕಡಾ 90 ಹಾಜರಾತಿ ಬೇಕು, ಆರು ತಿಂಗಳಲ್ಲಿ ಕಾರಣವಿಲ್ಲದೆ 10 ದಿನ ತಪ್ಪಿದರೆ ಕೋರ್ಟಿನ ಕಾಗದ ಬರಬಹುದು. ಎಳ್ಳು ಬೆಲ್ಲ ಇಲ್ಲೇ ಹಂಚೋಣ, ಸಂಘದ ಸಂಕ್ರಾಂತಿಗೆ ಬನ್ನಿ. ಬರುವಾಗ ನಿಮ್ಮ ವಿಳಾಸ, ಮಗುವಿನ ಲಸಿಕೆ ಪುಸ್ತಕ ಜೊತೆಗೆ ತಂದರೆ ಅಲ್ಲೇ ಒಂದು ಮೂಲೆಯಲ್ಲಿ ಕುಳಿತು ನೋಡಿಕೊಡುತ್ತೇವೆ.