ಗ್ಯಾರೇಜಿನಲ್ಲಿ ರಡ್ಡರ್, ಎಲಿವೇಟರ್ ಕಟ್ಟಿದ್ದು

ಸ್ವಂತ ವಿಮಾನ ಕಟ್ಟುವವರು ಸಾಮಾನ್ಯವಾಗಿ ಬಾಲದಿಂದ ಶುರುಮಾಡುತ್ತಾರೆ. ಆರೆಗಾನ್‌ನ ವ್ಯಾನ್ಸ್ ಕಂಪನಿಯ ಆರ್‌ವಿ-7 ಎಂಬ ಕಿಟ್ ವಿಮಾನ ಕಟ್ಟಲು ಹೊರಟ ನಾನೂ ಮೊದಲು ತರಿಸಿದ್ದು ಬಾಲದ ಕಿಟ್ಟನ್ನೇ. ಖರ್ಚು ಕಡಿಮೆ, ಕೈ ಪಳಗುತ್ತದೆ, ಒಗ್ಗದಿದ್ದರೆ ಅಲ್ಲಿಗೇ ಬಿಡಬಹುದು. ತಮಾಷೆಯೆಂದರೆ, ಹೀಗೆ ಹೊಸಬರ ಕೈಗೆ ಸಿಗುವ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ರೆಕ್ಕೆ), ಎಲಿವೇಟರ್‌ಗಳೇ (ಮೂತಿಯನ್ನು ಮೇಲೆ ಕೆಳಗೆ ಮಾಡುವಂಥದ್ದು) ತೀರಾ ತೆಳು ತಗಡಿನವು: 2024-ಟಿ3 ಎಂಬ ಅಲ್ಯೂಮಿನಿಯಂ ಮಿಶ್ರಲೋಹ, ದಪ್ಪ ಸುಮಾರು 0.4 ಮಿ.ಮೀ. ಬೆರಳು ಜೋರಾಗಿ ಒತ್ತಿದರೂ ಗುರುತು ಬೀಳುತ್ತದೆ.

ತೂತು ಕೊರೆಯುವುದು, ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕ್ಲೀಕೋ ಪಿನ್ನು ಹಾಕುವುದು, ರಿವೆಟ್ಟಿನ ತಲೆ ಕೂರಲು ತೂತಿನ ಸುತ್ತ ಗುಳಿ (ಡಿಂಪಲ್) ಮಾಡುವುದು ಬೇಗ ರೂಢಿಯಾಗುತ್ತವೆ. ಬೇಜಾರು ತರಿಸುವುದು ಡಿಬರಿಂಗ್, ಅಂದರೆ ತೂತಿನ ಅಂಚಿನ ಚೂಪು ತರಿಯನ್ನು (ಬರ್) ತೆಗೆಯುವುದು. ಆ ದಿನಗಳಲ್ಲಿ ಬೆಂಗಳೂರಿನಿಂದ ಮಾವ ಬಂದಿದ್ದರು. ಎಚ್‌ಎಎಲ್‌ನಲ್ಲಿ ಕಿರಣ್ ವಿಮಾನಗಳಿಗೆ ರಿವೆಟ್ ಹೊಡೆದ ಕೈ. ಪ್ರತಿ ತಗಡನ್ನೂ ಬೆಳಕಿಗೆ ಹಿಡಿದು, ತೂತಿನ ಅಂಚಿನ ಮೇಲೆ ಉಗುರು ಆಡಿಸಿ ನೋಡುತ್ತಿದ್ದರು. “ಉಗುರಿಗೆ ತಾಗಿದ್ರೆ ಬರ್ ಇದೆ ಅಂತಲೇ ಅರ್ಥ, ಅಳಿಯಂದ್ರೆ. ನಾಳೆ ಬಿರುಕು ಬಿಡೋದು ಅಲ್ಲಿಂದಾನೇ.” ರಿವೆಟ್ ಅಳೆಯಲು ನಾನು ಗೇಜ್ ಹಿಡಿದರೆ ಅವರಿಗೆ ಕಣ್ಣೇ ಸಾಕು. 2.4 ಮಿ.ಮೀ. ರಿವೆಟ್ಟಿನ ಬಡಿದ ತಲೆ ಅದರ ಕಡ್ಡಿಯ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕು.

ನಿಜವಾದ ಕೆಲಸವಿರುವುದು ಹಿಂದಿನ ಅಂಚಿನಲ್ಲಿ, ಅಂದರೆ ಟ್ರೇಲಿಂಗ್ ಎಡ್ಜ್‌ನಲ್ಲಿ. ಅದು ಸೊಟ್ಟಗಾದರೆ ವಿಮಾನ ಒಂದು ಪಕ್ಕಕ್ಕೆ ಎಳೆಯುತ್ತದೆ, ಪೈಲಟ್ ದಾರಿಯುದ್ದಕ್ಕೂ ಪೆಡಲ್ ಒತ್ತಿಕೊಂಡೇ ಕೂರಬೇಕು. ರಡ್ಡರ್‌ನಲ್ಲಿ ಎರಡು ತಗಡುಗಳ ನಡುವೆ ಉದ್ದನೆಯ ಬೆಣೆಪಟ್ಟಿ ಬರುತ್ತದೆ. ನಾನು ಪಟ್ಟಿಯ ಎರಡೂ ಮೈಗೆ ಇಂಧನ ಟ್ಯಾಂಕಿಗೆ ಬಳಿಯುವ ಅಂಟು ಸೀಲಂಟನ್ನು ತೆಳುವಾಗಿ ಸವರಿ, ಇಡೀ ಅಂಚನ್ನು ನೇರವಾದ ಅಲ್ಯೂಮಿನಿಯಂ ಆಂಗಲ್‌ಗೆ ಕ್ಲೀಕೋಗಳಿಂದ ಬಿಗಿದು, ಸೀಲಂಟ್ ಪೂರ್ತಿ ಗಟ್ಟಿಯಾಗುವವರೆಗೆ ಮುಟ್ಟಲಿಲ್ಲ. ಆಮೇಲೆ ಉಕ್ಕಿನ ಹಲಗೆಯ ಮೇಲಿಟ್ಟು ರಿವೆಟ್. ಒಂದು ತುದಿಯಿಂದ ಸಾಲಾಗಿ ಹೊಡೆಯುತ್ತ ಹೋದರೆ ತಗಡು ಹಿಗ್ಗಿ ಬಾಳೆಹಣ್ಣಿನಂತೆ ಬಾಗುತ್ತದೆ. ಅದಕ್ಕೇ ಹತ್ತಕ್ಕೊಂದರಂತೆ ಅರ್ಧ ಹೊಡೆದು, ಆಮೇಲೆ ಅವುಗಳ ಮಧ್ಯದವು, ಕೊನೆಗೆ ಉಳಿದವು. ನಡುನಡುವೆ ನೇರಪಟ್ಟಿ ಇಟ್ಟು ನೋಡುತ್ತಲೇ ಇರಬೇಕು.

ಎಲಿವೇಟರ್‌ನಲ್ಲಿ ಬೆಣೆಯಿಲ್ಲ, ತಗಡನ್ನೇ ಮಡಚಬೇಕು. ಎರಡು ಮರದ ಹಲಗೆಗೆ ತಿರುಗಣೆ ಹಾಕಿ ಮಾಡಿಕೊಂಡ ಬೆಂಡರ್ ಸಾಕು. ಮಡಿಕೆಯೊಳಗೆ, ತಗಡಿಗೆ ಬಿಗುವು ಕೊಡುವ ಸ್ಟಿಫ್ನರ್ ಪಟ್ಟಿಗಳ ತುದಿಗೆ ಆರ್‌ಟಿವಿ ಎಂಬ ಸಿಲಿಕೋನ್ ರಬ್ಬರ್ ಅಂಟಿನ ಒಂದೊಂದು ಮುದ್ದೆ ಇಟ್ಟೆ; ಪ್ರೊಪೆಲರ್ ಗಾಳಿಯ ಅದುರಿಗೆ ತಗಡು ಸೀಳುವುದು ಅಲ್ಲೇ. ಎಲಿವೇಟರ್‌ನ ಹಿಂದಂಚಿನಲ್ಲಿರುವ ಪುಟ್ಟ ಟ್ರಿಮ್ ಟ್ಯಾಬ್ ಬಗ್ಗೆ ಬರೆಯುವಷ್ಟೇನಿಲ್ಲ, ತಾಳ್ಮೆಯಿದ್ದರೆ ಆಗುತ್ತದೆ.

ಇನ್ನು ತೂಕ. ತಿರುಗಣೆಗಿಂತ (ಹಿಂಜ್) ಹಿಂದಿನ ಭಾಗ ಭಾರವಾಗಿದ್ದರೆ ಫ್ಲಟರ್, ಅಂದರೆ ತಾನೇ ಬೆಳೆಯುತ್ತ ಹೋಗುವ ಪಟಪಟ ಅದುರು, ಬರುವ ಅಪಾಯ. ಬಾಲ ಮೇಲೇಳುವಾಗ ಎಲಿವೇಟರ್ ಜಡತ್ವದಿಂದ ಹಿಂದೆ ಬಿದ್ದು ಕೆಳಗೆ ಬಾಗುತ್ತದೆ, ಹಾಗೆ ಬಾಗಿದ್ದಕ್ಕೆ ಗಾಳಿ ಬಾಲವನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ, ವಾಪಸ್ ಬರುವಾಗ ಅದೇ ಆಟ ತಿರುಗುಮುರುಗು. ವೇಗ ಹೆಚ್ಚಿದ್ದರೆ ಕೆಲವೇ ಕ್ಷಣಗಳಲ್ಲಿ ಬಾಲವೇ ಕಿತ್ತುಹೋಗಬಹುದು. ಅದಕ್ಕಾಗಿ ಹಿಂಜ್‌ಗಿಂತ ಮುಂದೆ ಚಾಚಿದ ಕೊಂಬಿನೊಳಗೆ ಸೀಸದ ಗಟ್ಟಿ ಇರುತ್ತದೆ. ಇದೇ ವಿಮಾನದ ಏಲರಾನ್‌ನಲ್ಲಿ (ರೆಕ್ಕೆಯ ಹಿಂದಂಚಿನ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ಹಲಗೆ) ಆ ಕೆಲಸಕ್ಕೆ ಮುಂದಿನ ಅಂಚಿನೊಳಗೆ ಕೂರುವುದು ಗ್ಯಾಲ್ವನೈಸ್ಡ್ ನೀರಿನ ಪೈಪು! ನೋಡಿ ಮಾವ ಬಹಳ ಹೊತ್ತು ನಕ್ಕರು.

ಬಣ್ಣಕ್ಕೂ ತೂಕವಿದೆ, ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಹಿಂಜ್‌ನ ಹಿಂದೆ. ಹಾಗಾಗಿ ನಾನು ಬ್ಯಾಲೆನ್ಸ್ ನೋಡಿದ್ದು ಬಣ್ಣ ಒಣಗಿದ ಮೇಲೆ. ಹಿಂಜ್‌ಗಳ ಮೇಲೆ ಸಲೀಸಾಗಿ ತೂಗುವಂತಿಟ್ಟು, ಸೀಸವನ್ನು ಚೂರುಚೂರೇ ಕೊರೆದು ತೆಗೆಯುತ್ತ ಬಂದೆ. ಮುಂಭಾರ ಎಳ್ಳಷ್ಟು ಹೆಚ್ಚೇ ಇರಲಿ ಎಂದು ಅಲ್ಲಿಗೆ ನಿಲ್ಲಿಸಿದೆ. ಮಗಳು ರಡ್ಡರ್ ಮೇಲೆ ದೊಡ್ಡದಾಗಿ ಹಳದಿ-ಕೆಂಪು ಪಟ್ಟಿ ಬರೆಯಬೇಕೆಂದು ಹಟ ಹಿಡಿದಿದ್ದಳು. ಮತ್ತೆ ಬಿಚ್ಚಿ ತೂಗುವ ಉಸಾಬರಿ ಯಾರಿಗೆ ಬೇಕು? ಪಟ್ಟಿ ಈಗ ರಡ್ಡರ್ ಮುಂದಿನ, ಅಲುಗಾಡದ ನೆಟ್ಟನೆಯ ಫಿನ್ ಮೇಲಿದೆ.